ಜರುಗುವ ಹೊಸ್ತಿಲು

ನನ್ನ ತಲೆಯೊಳಗೆ ಕೋಟಿಗಟ್ಟಲೆ ಹೊಸ್ತಿಲುಗಳಿವೆ ಎಂದು ಗೊತ್ತಾದ ದಿನ ನನಗೆ ಮೊದಲು ಬಂದ ಚಿಂತೆ, ಇಷ್ಟಕ್ಕೂ ಅರಿಶಿನ ಹಚ್ಚುವವರು ಯಾರು ಎಂಬುದು. ಮದುವೆಯಾಗಿ ಅಣ್ಣಿಗೇರಿಗೆ ಬಂದಾಗಿನಿಂದ ಈ ಮನೆಯ ಒಂದೇ ಒಂದು ಹೊಸ್ತಿಲನ್ನು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು ಹೂ ಏರಿಸುವಷ್ಟರಲ್ಲಿ ಒಳಗೆ ಹಾಲು ಉಕ್ಕಿರುತ್ತದೆ. ಕೋಟಿ ಹೊಸ್ತಿಲೆಂದರೆ ಹಾಲಿನ ಗತಿಯೇನು? ಆ ಕೆಲಸವನ್ನು ದೇವರು ನನಗೆ ವಹಿಸದೆ ತಾನೇ ಇಟ್ಟುಕೊಂಡಿದ್ದಾನೆ. ಅವನ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುತ್ತ ಕೂರುವುದು ನನ್ನ ಚಟ. ಇದನ್ನೂ ಅದಕ್ಕೆ ಸೇರಿಸಿಕೊಂಡೆ.

ಸುದ್ದಿ ತಂದವಳು ನನ್ನ ಮಗಳು ಗೌರಿ. ಧಾರವಾಡದಲ್ಲಿ ನರಕೋಶಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಓಣಿಯವರು ಕೇಳಿದರೆ ನಾನು ಸುಲಭವಾಗಲಿ ಎಂದು ‘ತಲೆಯ ಕೆಲಸ’ ಎನ್ನುತ್ತೇನೆ. ಹಾಗಾಗಿ ಅವಳು ಬ್ಯೂಟಿ ಪಾರ್ಲರಿನಲ್ಲಿದ್ದಾಳೆಂದು ಕೆಲವರು ತಿಳಿದಿದ್ದಾರೆ. ಒಂದು ಸೋಮವಾರ ಮನೆಗೆ ಬಂದಿದ್ದವಳು, ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಬೇಕಿದೆಯೆಂದು ಅಡುಗೆಮನೆಯಲ್ಲಿ ನನ್ನೆದುರು ಗಟ್ಟಿಯಾಗಿ ಒಪ್ಪಿಸುತ್ತಿದ್ದಳು: “ಅಕ್ಷತಂತುವಿನ ಆರಂಭಿಕ ಖಂಡ.”

ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದ ನಮ್ಮ ಅತ್ತೆ ಮೊರ ಕೆಳಗಿಟ್ಟರು.

“ಯಾರ ಮದುವ್ಯಾಗ ಬೇ, ಅಕ್ಷತಿ ಹಾಕಿ ಖಂಡ ಬಡಿಸ್ಯಾರ? ಅದೂ ಸ್ವಾಮಾರದ ದಿನ!”

ನಮ್ಮ ಕಡೆ ಖಂಡವೆಂದರೆ ಮಾಂಸ. ನಮ್ಮದೋ, ಆ ಶಬ್ದವನ್ನೂ ಒಲೆಯ ಹತ್ತಿರ ಆಡದ ಮನೆ. ಗೌರಿ ನಕ್ಕು ನಕ್ಕು ಗೋಡೆಗೆ ಆನಿಕೊಂಡಳು. ನಾನೂ ಸೆರಗು ಬಾಯಿಗಿಟ್ಟುಕೊಂಡೆ. ಅತ್ತೆ ನಮ್ಮ ಮುಖ ನೋಡುತ್ತ ತಾವೂ ಅರ್ಧ ನಕ್ಕರು, ಆಮೇಲೆ “ಏನಾತು? ಏನಂದ್ರಿ?” ಎಂದರು. ಗೌರಿ ಕಣ್ಣೊರೆಸಿಕೊಳ್ಳುತ್ತ, “ಏನಿಲ್ಲ ಬಿಡು ಆಯಿ,” ಎಂದಳು.

ಕಿವಿ ಮಂದವಾದವರಿಗೆ ಲೋಕವೆಲ್ಲ ಹೇಳುವ ಮಾತು ಅದೊಂದೇ: ಏನಿಲ್ಲ ಬಿಡು. ಅತ್ತೆ ಮೊರ ಎತ್ತಿಕೊಂಡು ಒಳಗಿನ ಕೋಣೆಗೆ ಹೋದರು. ಒಂದು ಕಾಲಕ್ಕೆ ಇಡೀ ಓಣಿಯ ವ್ಯಾಜ್ಯ ಬಿಡಿಸುತ್ತಿದ್ದ ಹೆಂಗಸು ಹೀಗೆ ಕೆಲವು ವರ್ಷಗಳಿಂದ ಪಡಸಾಲೆಯಿಂದ ಕೋಣೆಗೆ, ಕೋಣೆಯಿಂದ ಮಂಚಕ್ಕೆ ಸರಿಯುತ್ತಲೇ ಇದ್ದರು. ಗುಡಿಯ ಭಜನೆ ಬಿಟ್ಟರು, ಮದುವೆ ಮುಂಜಿ ಬಿಟ್ಟರು. ನನ್ನ ಸಾರಿಗೆ ಉಪ್ಪು ಹೆಚ್ಚಾಯಿತೆನ್ನುವುದನ್ನೂ ಬಿಟ್ಟಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬೈಯುವ ಅತ್ತೆಯೊಡನೆ ಬಾಳುವೆ ಮಾಡುವುದು ನನಗೆ ರೂಢಿ. ಸುಮ್ಮನಿರುವ ಅತ್ತೆಯೊಡನೆ ಹೇಗೆಂದು ತಿಳಿಯಲಿಲ್ಲ.

ಆ ದಿನ ರೊಟ್ಟಿ ತಿನ್ನುತ್ತ ಗೌರಿ ನನಗೆ ಆ ಖಂಡವನ್ನು ಬಿಡಿಸಿ ಹೇಳಿದಳು. ನರಕೋಶಕ್ಕೆ ಟೊಂಗೆಗಳು ಬಹಳವಂತೆ. ಒಂದೊಂದು ಟೊಂಗೆಯಿಂದ ಒಂದೊಂದು ಪಿಸುಮಾತು ಒಳಗೆ ಬರುತ್ತದೆ. ಆದರೆ ಹೊರಗೆ ಹೋಗುವ ದಾರಿ ಒಂದೇ, ಉದ್ದನೆಯ ಒಂದು ತಂತು. ಆ ತಂತುವಿನ ಬುಡದ ಹತ್ತಿರ ಒಂದು ಚೂರು ಜಾಗವಿದೆ. ಬಂದ ಮಾತುಗಳೆಲ್ಲ ಅಲ್ಲಿ ಕೂಡುತ್ತವೆ. ಸಾಲದಿದ್ದರೆ ಅಲ್ಲೇ ಆರುತ್ತವೆ. ಸಾಕಾದಷ್ಟಾದರೆ ಒಂದೇ ಏಟಿಗೆ ಸುದ್ದಿ ಹೊರಡುತ್ತದೆ. ಕೋಶದ ಒಡಲಿನ ಸಾಮಾನು ತಂತುವಿನ ಕಡೆ ನುಗ್ಗದಂತೆ ಕಾಯುವುದೂ ಅದೇ ಜಾಗ.

“ಅಂದ್ರ ಹೊಸ್ತಲಾ ಅನ್ನು,” ಎಂದೆ.

“ಆ ಶಬ್ದ ನಮ್ಮ ಪುಸ್ತಕದಾಗ ಬ್ಯಾರೆದಕ್ಕ ಐತಿ ಯವ್ವಾ,” ಎಂದು ಶುರು ಮಾಡಿದವಳು ನನ್ನ ಮುಖ ನೋಡಿ ಕರಗಿದಳು. “ಇರ್ಲಿ. ಮನ್ಯಾಗ ಹೊಸ್ತಲಾನ ಅನ್ನೂಣು. ಆದ್ರ ಇದು ಜರಗೂ ಹೊಸ್ತಲಾ.”

ಇದೇ ನನಗೆ ಬಹಳ ಹಿಡಿಸಿದ್ದು. ಬರುವ ಮಾತು ಕಡಿಮೆಯಾದರೆ ಆ ಜಾಗ ಉದ್ದವಾಗುತ್ತದಂತೆ, ಚೂರು ಪಿಸುಮಾತಿಗೂ ಕೋಶ ಎದ್ದು ಕೂರಲೆಂದು. ಮಾತು ಅತಿಯಾದರೆ ಕೆಲವು ಕೋಶಗಳಲ್ಲಿ ಅದು ಗಿಡ್ಡವಾಗುತ್ತದೆ, ಇಲ್ಲವೇ ದೂರ ಜರುಗುತ್ತದೆ. ನಾನು ಹೊಸ ಸೊಸೆಯಾಗಿದ್ದಾಗ ಅತ್ತೆ ಕೆಮ್ಮಿದರೂ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ನಾಲ್ಕು ಮಳೆಗಾಲ ಕಳೆಯುವುದರಲ್ಲಿ ಅವರು ಅಟ್ಟ ಹಾರುವಂತೆ ಬೈದರೂ ನಾನು ಹಾಡು ಹೇಳುತ್ತ ಸೊಪ್ಪು ಸೋಸುತ್ತಿದ್ದೆ. ಅದನ್ನು ನಾನು ತಾಳ್ಮೆಯೆಂದು, ಹರಕೆಯ ಫಲವೆಂದು ತಿಳಿದಿದ್ದೆ. ಹೊಸ್ತಿಲು ಜರುಗಿತ್ತು, ಅಷ್ಟೇ. ಜರುಗಿಸಿದವನು ದೇವರೇ ಆದ್ದರಿಂದ ಹರಕೆ ವ್ಯರ್ಥವಾಗಲಿಲ್ಲ.

ಮುಂದಿನ ವಾರ ನಮ್ಮ ಮನೆಯವರು ಅತ್ತೆಯನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕಿವಿಯ ಮಿಷಿನ್ ಹಾಕಿಸಿಕೊಂಡು ಬಂದರು. ಮರುದಿನ ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಗಾಬರಿಯಾಗಿ ಅಡುಗೆಮನೆಗೆ ಓಡಿ ಬಂದರು.

“ಯಾರ್ನ ಬಡ್ಯಾಕತ್ತೀ ಬೇ?”

“ರೊಟ್ಟೀರಿ ಅತ್ತೀ.”

“ಹಿಂಗ? ಪಾಪ, ಅದೇನ್ ತಪ್ಪ ಮಾಡೇತಿ?”

ಕುಕ್ಕರಿನ ಸೀಟಿಗೆ ಅವರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಒಗ್ಗರಣೆಗೆ ಸಾಸಿವೆ ಹಾಕಿದ್ದೇ ತಡ, ಮಿಷಿನ್ ಕಿತ್ತು ದೇವರ ಜಗುಲಿಯ ಮೇಲೆ ವಿಭೂತಿಯ ಪಕ್ಕ ಇಟ್ಟುಬಿಟ್ಟರು. “ಈ ಗದ್ಲಾ ನನಗ ಬ್ಯಾಡ. ನನ್ನ ಕೋಣಿ ನನಗ ಚಲೋ ಐತಿ,” ಎಂದು ಬಾಗಿಲು ಹಾಕಿಕೊಂಡರು. ಜಗುಲಿಯ ಮೇಲೆ ಏನಿದ್ದರೂ ಹೂ ಏರಿಸುವ ಅಭ್ಯಾಸ ನನ್ನದು. ಎರಡು ದಿನ ಆ ಮಿಷಿನ್ನಿಗೂ ಸೇವಂತಿಗೆ ಸಂದಿತು.

ಗೌರಿಗೆ ಫೋನು ಮಾಡಿದೆ. ಅವಳು ಹೇಳಿದ್ದಿಷ್ಟು: ಕೇಳುವುದು ನಿಂತ ಕೋಳಿಮರಿಗಳ ಮಿದುಳಿನಲ್ಲಿ ಆ ಹೊಸ್ತಿಲು ಉದ್ದವಾದದ್ದನ್ನು ನೋಡಿದ್ದಾರೆ. ಆಯಿಯ ತಲೆಯೊಳಗೂ ಹಾಗೆಯೇ ಆಗಿದೆಯೆಂದು ತೆರೆದು ನೋಡಿ ಹೇಳುವವರಿಲ್ಲ, ಅಲ್ಲಿ ಬೇರೆ ಬದಲಾವಣೆಗಳೂ ಇರಬಹುದು. ಆದರೆ ಪಿಸುಮಾತು ಹಿಡಿಯಲು ಮೈ ಚಾಚಿ ಕುಳಿತ ಮಿದುಳಿಗೆ ಒಮ್ಮೆಲೇ ಇಡೀ ಅಡುಗೆಮನೆ ಸುರಿದರೆ ಅದು ಬೆದರುವುದು ಸಹಜ. ಸದ್ದಿಲ್ಲದ ಹೊತ್ತಿನಲ್ಲಿ ಸ್ವಲ್ಪಸ್ವಲ್ಪ ಹಾಕಿಸು, ನಿಧಾನಕ್ಕೆ ಹೊಂದಿಕೊಳ್ಳುತ್ತದೆ.

ಹಾಗೆಂದು ಅತ್ತೆಯನ್ನು ಒಪ್ಪಿಸುವುದು ಹೇಗೆ? ಮಧ್ಯಾಹ್ನ ಅವರ ಮಂಚದ ಬಳಿ ಕುಳಿತು, ಅವರ ಕಿವಿಗೆ ಬಾಯಿ ಹಚ್ಚಿ ನನಗೆ ತಿಳಿದಂತೆ ಕೂಗಿ ಹೇಳಿದೆ.

“ಅತ್ತೀ, ನಿಮ್ಮ ತಲ್ಯಾಗಿನ ಹೊಸ್ತಲಾ ಜರಗ್ಯಾವಂತ್ರಿ!”

ಅತ್ತೆ ಎದ್ದು ಕುಳಿತರು. “ಅಯ್ನಾರ್ನ ಕೇಳದ ಹೊಸ್ತಲಾ ಯಾರ್ ಜರಗಸ್ಯಾರ?” ನಮ್ಮಲ್ಲಿ ಅಯ್ಯನವರು ಮುಹೂರ್ತ ಇಟ್ಟುಕೊಡದೆ ಯಾರೂ ಹೊಸ್ತಿಲು ಮುಟ್ಟುವುದಿಲ್ಲ.

“ಯಾರೂ ಅಲ್ರೀ. ಸದ್ದು ಒಳಗ ಬರವಲ್ದು ಅಂತ ಅವ ಹುಡುಕ್ಕೋತ ಹೊಂಟಾವ್ರಿ.”

ಅತ್ತೆ ಮೆಲ್ಲಗೆ, “ಹುಡುಕ್ಕೋತ ಹೊಂಟಾವೇನು?” ಎಂದರು. “ನಾ ಒಬ್ಬಾಕಿನ ಹುಡುಕಾಕತ್ತೀನಿ ಅಂತ ತಿಳದಿದ್ದೆ. ನೀವೆಲ್ಲಾ ನಗೂವಾಗ ಯಾಕ ನಗತೀರಿ ಅಂತ.”

ಅಕ್ಷತೆಯ ಕತೆಯನ್ನು ಮೊದಲಿನಿಂದ, ಒಂದು ಶಬ್ದವನ್ನೂ ಬಿಡದೆ ಕೂಗಿ ಹೇಳಿದೆ. ಅತ್ತೆ ನಕ್ಕ ರಭಸಕ್ಕೆ ಮಂಚ ಅಲುಗಾಡಿತು. “ಹೌದೇನ್ಬೇ! ನಾ ಹಂಗಂದ್ನೇನು? ಅಷ್ಟ್ ಚಲೋ ಮಾತು ಆಡಿ ನನಗ ಗೊತ್ತ ಇಲ್ಲ ನೋಡು,” ಎಂದು ತಾವೇ ಕೈ ಚಾಚಿದರು. ಜಗುಲಿಯಿಂದ ಮಿಷಿನ್ ತಂದುಕೊಟ್ಟೆ.

ಮಧ್ಯಾಹ್ನ ಊರು ಉಂಡು ಮಲಗುವ ಹೊತ್ತಿನಲ್ಲಿ ಮಾತ್ರ ಮೊದಮೊದಲು ಹಾಕಿಕೊಂಡರು. ಕಡಲೆ ಮೊರದಲ್ಲಿ ಹೊರಳುವ ಸದ್ದು, ಗುಬ್ಬಿ, ಗದಗದ ಕಡೆ ಹೋಗುವ ರೈಲು. ಕೆಲವು ದಿನ ಸಾಕೆನ್ನಿಸಿ ತೆಗೆದಿಟ್ಟದ್ದೂ ಉಂಟು. ತಲೆಯೊಳಗೆ ಯಾವುದು ಎಷ್ಟು ಜರುಗಿತೋ ನಾನು ಕಾಣೆ. ಅತ್ತೆ ಮಾತ್ರ ಮಂಚದಿಂದ ಕೋಣೆಯ ಬಾಗಿಲಿಗೆ, ಬಾಗಿಲಿನಿಂದ ಪಡಸಾಲೆಗೆ ಬಂದರು. ಅವರು ಓಣಿಯ ಎದುರು ಕುಳಿತು ಪಕ್ಕದ ಮನೆಯ ಸೊಸೆಯ ನಡಿಗೆಯಲ್ಲಿ ತಪ್ಪು ಹುಡುಕಿದ ಸಂಜೆ, ನಾನು ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದೆ.

ದೀಪ ಹಚ್ಚಿ, ಕಣ್ಣು ಮುಚ್ಚಿ, ಎಂದಿನಂತೆ ನನ್ನ ಬೇಡಿಕೆಗಳನ್ನು ಒಪ್ಪಿಸುತ್ತಿದ್ದೆ. ಗೌರಿಯ ಆರೋಗ್ಯ, ಮನೆಯವರ ಮೊಣಕಾಲು, ಅತ್ತೆಯ ಕಿವಿ. ಪಡಸಾಲೆಯಿಂದ ಗದರಿಕೆ ಬಂತು:

“ಯಾಕ ಬೇ ಹಂಗ ಒದರತೀ? ಈಗ ದೇವ್ರಿಗೂ ಕಿವಿ ಮಂದ ಆಗ್ಯಾವೇನು?”

ಇಷ್ಟು ವರ್ಷ ಅವರ ಜೊತೆ ಕೂಗಿ ಕೂಗಿ, ನನ್ನ ದನಿ ಎಲ್ಲಿಗೆ ಜರುಗಿ ಕುಳಿತಿದೆಯೆಂದು ನನಗೇ ಗೊತ್ತಿರಲಿಲ್ಲ. ಓಣಿಗೆಲ್ಲ ನಮ್ಮ ಮನೆಯ ಮೊಣಕಾಲುಗಳ ಲೆಕ್ಕ ತಿಳಿದಿರಬೇಕು. ಮತ್ತೆ ಕಣ್ಣು ಮುಚ್ಚಿ, ತುಟಿಯಷ್ಟೇ ಅಲುಗುವಂತೆ, ಅತ್ತೆಗೆ ಇನ್ನೂ ನೂರು ವರ್ಷ ಬೈಯುವ ಶಕ್ತಿ ಕೊಡಪ್ಪಾ ಎಂದು ಪಿಸುಗುಟ್ಟಿದೆ.

“ನೂರ್ ಬ್ಯಾಡ,” ಎಂದರು ಅತ್ತೆ, ಹೊರಗಿನಿಂದ.