ಬಾಯಲ್ಲಿ ಹೇಳಿ ಕೈಯಲ್ಲಿ ಬರೆದವಳು

ಮಕ್ಕಳಿಗೆ ಮಾಯಾಲೋಕದ ಕತೆ ಬರೆಯುವವರೆಂದರೆ ಕಿಟಕಿಯ ಪಕ್ಕ ಕೂತು, ಗಲ್ಲಕ್ಕೆ ಕೈ ಕೊಟ್ಟು, ಆಕಾಶ ನೋಡುತ್ತಾ ಯೋಚಿಸುವವರು ಎಂದು ನೀವೇನಾದರೂ ಅಂದುಕೊಂಡಿದ್ದರೆ ಆ ಚಿತ್ರವನ್ನು ಈಗಲೇ ಹರಿದು ಬಿಸಾಡಿ. ಕತೆಯಮ್ಮ ಬರೆಯುತ್ತಿದ್ದದ್ದು ಅಡುಗೆಮನೆಯಲ್ಲಿ, ಅತ್ತಿಂದಿತ್ತ ನಡೆದಾಡಿಕೊಂಡು, ಮನೆ ಹಾರಿಹೋಗುವಂತೆ ಕೂಗಿಕೊಂಡು.

ಕತೆಯಮ್ಮ ಎಂದು ಹೆಸರಿಟ್ಟವರು ಬೀದಿಯ ಮಕ್ಕಳು. ಗಂಡನಿಗೆ ಮನೆಯ ಮುಂದಿನ ಕೋಣೆಯಲ್ಲೇ ಬೀಗ ರಿಪೇರಿಯ ಅಂಗಡಿ ಇದ್ದದ್ದರಿಂದ ಆತ ಬೀಗಣ್ಣನಾದ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಬೀಗದ ಕೆಲಸವೇ ಹಾಗೆ, ಉಸಿರು ಬಿಗಿಹಿಡಿದು ಒಳಗಿನ ಸದ್ದು ಕೇಳಿಸಿಕೊಳ್ಳಬೇಕು. ಹಾಗೆ ಕೇಳಿಸಿಕೊಂಡೂ ಕೇಳಿಸಿಕೊಂಡೂ ಆತನಿಗೆ ಮಾತೇ ಮರೆತುಹೋಗಿದೆ ಎಂದು ಮಗಳು ಛೇಡಿಸುತ್ತಿದ್ದಳು. ಆದರೆ ಇಪ್ಪತ್ತೆರಡು ವರ್ಷ, ಬೆಳಗ್ಗೆ ಆರೂವರೆಯಿಂದ ಹತ್ತರವರೆಗೆ, ಗೋಡೆಯಾಚೆಯಿಂದ ಬರುತ್ತಿದ್ದ ಕತೆಯ ಒಂದಕ್ಷರವನ್ನೂ ಆತ ಬಿಟ್ಟವನಲ್ಲ.

ಒಲೆಯಿಂದ ಹಿಂಬಾಗಿಲಿಗೆ ಹನ್ನೊಂದು ಹೆಜ್ಜೆ. ಆ ಹನ್ನೊಂದು ಹೆಜ್ಜೆಯಲ್ಲಿ ಕತೆಯಮ್ಮ ಆರು ಪುಸ್ತಕ ನಡೆದಿದ್ದಾಳೆ. ಒಂದೊಂದು ಪಾತ್ರಕ್ಕೂ ಒಂದೊಂದು ಜಾಗ. ಮೋಡ ಕಾಯುವ ಮುದುಕಿ ಸ್ಟೂಲಿನ ಮೇಲೆ. ಅರ್ಧ ವಾಕ್ಯ ಹೇಳಿ ನಿದ್ದೆಹೋಗುವ ಆಮೆ ಮೇಜಿನ ಕೆಳಗೆ. ಐವತ್ತೆಂಟರ ಹೆಂಗಸು ಮಂಡಿ ಹಿಡಿದುಕೊಂಡು 'ಅಯ್ಯಮ್ಮಾ' ಎಂದು ಅಲ್ಲಿಗೆ ನುಗ್ಗುತ್ತಿದ್ದಳು. ಗುಡುಗ ಎಂಬ ರಾಕ್ಷಸನಿಗೆ ಖಾಲಿ ನೀರಿನ ಡ್ರಮ್ಮು. ಅದರೊಳಗೆ ತಲೆ ತೂರಿಸಿ ಮಾತಾಡಿದರೇ ಅವನ ದನಿ ಬರುವುದು ಎಂದು ಆಕೆಯ ಹಟ. ಒಂದೇ ಮಾತನ್ನು ಎಂಟು ಹತ್ತು ಸಲ ತಿರುಗಿಸಿ ಮುರುಗಿಸಿ ಹೇಳಿ, ಕಿವಿಗೆ ಒಪ್ಪಿತೆಂದ ಮೇಲಷ್ಟೇ ಇಸ್ತ್ರಿ ಮೇಜಿಗೆ ಬಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಹೇಳದೆ ಬರೆದ ಒಂದು ಸಾಲೂ ಆ ಆರು ಪುಸ್ತಕಗಳಲ್ಲಿಲ್ಲ.

ಎದುರುಮನೆಗೆ ಹೊಸದಾಗಿ ಬಂದ ಪೋಸ್ಟ್‌ಮಾಸ್ತರರು ಒಂದು ಬೆಳಗ್ಗೆ ಕೈಯಲ್ಲಿ ಕೊಡೆ ಹಿಡಿದು ಅಂಗಡಿಗೆ ನುಗ್ಗಿದ್ದರು. "ನಾಚಿಕೆ ಆಗಲ್ವೇನ್ರೀ, ಹೆಂಗಸಿನ ಮೇಲೆ ಹಾಗೆ ಕಿರುಚಾಡೋಕೆ?" ಬೀಗಣ್ಣ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದ. ಅವರ ಕೈಹಿಡಿದು ಒಳಗೆ ಕರೆದೊಯ್ದು ತೋರಿಸಿದ. ಡ್ರಮ್ಮಿನಿಂದ ಹೊರಗೆ ಬಂದ ಕತೆಯಮ್ಮ ತಲೆಗೂದಲು ಸರಿಮಾಡಿಕೊಂಡು, "ಬನ್ನಿ ಬನ್ನಿ, ಟೀ ಕುಡೀತೀರಾ?" ಎಂದಳು. ಆಮೇಲೆ ಗಂಡ ಹೆಂಡತಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಮಾಯಾಲೋಕವೆಂದರೆ ಬಾಯಿಗೆ ಬಂದದ್ದು ಬರೆಯಬಹುದು ಎನ್ನುವವರನ್ನು ಕಂಡರೆ ಆಕೆಗೆ ಮೈಯೆಲ್ಲಾ ಉರಿ. "ಮಕ್ಕಳನ್ನ ಯಾಮಾರಿಸೋಕಾಗಲ್ಲ, ದೊಡ್ಡೋರನ್ನಾದ್ರೆ ಆಗುತ್ತೆ" ಎನ್ನುತ್ತಿದ್ದಳು. ಅನುಮಾನ ಬಂದಾಗಲೆಲ್ಲ ಅಂಗಡಿಗೆ ಬರುತ್ತಿದ್ದಳು.

"ರೀ, ಐನೂರು ವರ್ಷ ನೀರೊಳಗೆ ಬಿದ್ದಿದ್ದ ಬೀಗ ತೆಗೆಯೋಕಾಗುತ್ತಾ?"

"ಹಿತ್ತಾಳೆದಾ, ಕಬ್ಬಿಣದ್ದಾ?"

"ಕಬ್ಬಿಣ."

"ಮರೆತುಬಿಡು."

ಅಷ್ಟಕ್ಕೇ ಆಕೆ ಮುಗಿದಿದ್ದ ಅಧ್ಯಾಯವನ್ನು ಹೊಡೆದುಹಾಕಿ, ಹಿತ್ತಾಳೆ ಎರಕದವರ ಊರೊಂದನ್ನೇ ಕಟ್ಟಿ, ಹನ್ನೊಂದು ದಿನ ಮತ್ತೆ ನಡೆದಳು. ಬೀಗಣ್ಣನಿಗೆ ಆಗ ಹೆಂಡತಿಯ ಮೇಲೆ ಹುಟ್ಟಿದ ಗೌರವ ಇಷ್ಟಿಷ್ಟಲ್ಲ. ಬಾಯಿಬಿಟ್ಟು ಹೇಳಿದನೇ? ಹೇಳಲಿಲ್ಲ, ಪುಣ್ಯಾತ್ಮ.

ಆರನೆಯ ಪುಸ್ತಕದ ಕೊನೆಗೆ ಸಾಸಿವೆ ಎಂಬ ಬೆರಳುದ್ದದ ಹುಡುಗಿ ಬೆಟ್ಟದೊಳಗೆ ಸಿಕ್ಕಿಹಾಕಿಕೊಂಡಿದ್ದಳು. ಹೊರಗೆ ಗುಡುಗ. ಪರ್ವತ ಎತ್ತುವ ಆಸಾಮಿ, ಆದರೆ ಹಲ್ಲಿ ಕಂಡರೆ ಓಡುವ ಹೇಡಿ. 'ಸಾಸಿವೆ ಹೊರಗೆ ಬರ್ತಾಳೆ ತಾನೇ?' ಎಂದು ಮಕ್ಕಳ ಕಾಗದಗಳು ರಾಶಿ ಬಿದ್ದವು. ಕತೆಯಮ್ಮ ಎಲ್ಲದಕ್ಕೂ ಕೈಯಾರೆ ಉತ್ತರಿಸಿದಳು: 'ನನಗೂ ಗೊತ್ತಿಲ್ಲ ಪುಟ್ಟಾ. ಏಳನೇ ಪುಸ್ತಕದಲ್ಲಿ ನೋಡೋಣ.'

ಏಳನೆಯ ಪುಸ್ತಕ ಅರ್ಧಕ್ಕೆ ಬಂದಾಗ ಆಕೆಯ ದನಿ ಕೂತುಹೋಯಿತು. ಶೀತವೆಂದು ಬಿಸಿನೀರು ಕುಡಿದಳು. ಎರಡು ತಿಂಗಳಾದರೂ ಗಂಟಲು ಬಿಡಲಿಲ್ಲ. ಡಾಕ್ಟರು ಕೊಳವೆ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕೊನೆಗೆ ಸುತ್ತಿಬಳಸದೆ ಹೇಳಿದರು: "ಗಂಟಲಲ್ಲಿ ಗೆಡ್ಡೆ ಇದೆ, ಕೆಟ್ಟ ಗೆಡ್ಡೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ಜೀವ ಉಳಿಯುತ್ತೆ. ಮಾತು ಉಳಿಯಲ್ಲ."

ಕತೆಯಮ್ಮ ಕೇಳಿದ್ದು ಒಂದೇ: "ಎಷ್ಟು ದಿನ ಟೈಮಿದೆ?"

"ಎರಡು ವಾರ."

ಆ ಎರಡು ವಾರ ಆಕೆ ಒಡಕು ದನಿಯಲ್ಲೇ ಬೆಳಗ್ಗೆ ಸಂಜೆ ಎನ್ನದೆ ನಡೆದಳು. "ಎಲ್ಲಾ ಮೊಬೈಲಿಗೆ ಹೇಳಿಬಿಡಮ್ಮಾ, ನಾನು ಟೈಪ್ ಮಾಡ್ತೀನಿ" ಎಂದಳು ಮಗಳು. "ನನಗೇ ಗೊತ್ತಿಲ್ಲದ್ದನ್ನ ಹೆಂಗೆ ಹೇಳಲಿ? ಹೇಳ್ತಾ ಹೇಳ್ತಾನೇ ಕಣೇ ನನಗೂ ಗೊತ್ತಾಗೋದು" ಎಂದು ಆಕೆ ಫೋನು ಪಕ್ಕಕ್ಕಿಟ್ಟಳು. ಒಂಬತ್ತನೆಯ ಅಧ್ಯಾಯದ ನಡುವೆ, ಗುಡುಗ ಬೆಟ್ಟದ ಬಾಗಿಲ ಮುಂದೆ ಕೂತಿರುವಲ್ಲಿಗೆ, ದಿನ ಮುಗಿದವು.

ಆಪರೇಷನ್ ಚೆನ್ನಾಗಿಯೇ ಆಯಿತು. ಕುತ್ತಿಗೆಯ ತೂತಿನಿಂದ ಉಸಿರಾಡುವುದು ರೂಢಿಯಾಯಿತು. ಹೇಳಬೇಕಾದ್ದನ್ನು ಚೀಟಿಯಲ್ಲಿ ಗೀಚಿ ಕೊಡುತ್ತಿದ್ದಳು: ಉಪ್ಪು ತನ್ನಿ, ನಲ್ಲಿ ಸೋರುತ್ತಿದೆ. ಆದರೆ ಕತೆ? ಬೆಳಗ್ಗೆ ಆರೂವರೆಗೆ ಅಡುಗೆಮನೆಯಲ್ಲಿ ನಿಲ್ಲುತ್ತಿದ್ದಳು, ತುಟಿ ಆಡಿಸುತ್ತಿದ್ದಳು, ಗಾಳಿ ಮಾತ್ರ ಬರುತ್ತಿತ್ತು. ಇಸ್ತ್ರಿ ಮೇಜಿಗೆ ಬಂದು ಒಂದು ಪುಟ ಬರೆದು ಹರಿದಳು, ಇನ್ನೊಂದು ಬರೆದು ಹರಿದಳು. ನಾಲ್ಕನೆಯ ತಿಂಗಳು ಖಾಲಿ ನೋಟ್‌ಬುಕ್ಕುಗಳನ್ನೂ ಪೆನ್ಸಿಲುಗಳನ್ನೂ ಒಂದು ಚೀಲಕ್ಕೆ ತುಂಬಿ ಚೀಟಿ ಅಂಟಿಸಿದಳು: 'ಎದುರುಮನೆ ಮಕ್ಕಳಿಗೆ ಕೊಟ್ಟುಬಿಡಿ.'

ಬೀಗಣ್ಣ ಚೀಲವನ್ನು ಎದುರುಮನೆಗೆ ಒಯ್ಯದೆ ಅಂಗಡಿಯ ಮೇಜಿನ ಕೆಳಗಿಟ್ಟ. ಜೀವ ಉಳಿದರೆ ಸಾಕು ಎಂದು ಆಸ್ಪತ್ರೆಯ ಬೆಂಚಿನಲ್ಲಿ ಬೇಡಿಕೊಂಡವನು ಆತನೇ. ಈಗ ಜೀವ ಉಳಿದಿತ್ತು, ಹೆಂಡತಿ ಮಾತ್ರ ಎದುರಿಗಿದ್ದೂ ಇರಲಿಲ್ಲ. ಆ ಗೋಡೆಯಾಚೆಯ ಮೌನಕ್ಕೆ ಆತನಿಗೆ ಕೆಲಸವೇ ಓಡುತ್ತಿರಲಿಲ್ಲ. ಒಂದು ಸೂಟ್‌ಕೇಸಿನ ಬೀಗಕ್ಕೆ ಮೂರು ದಿನ ಹಿಡಿಯಿತು ಎಂದರೆ ಲೆಕ್ಕ ಹಾಕಿ.

ಮರುದಿನ ಆರೂವರೆಗೆ ಆತ ಅಂಗಡಿ ತೆರೆಯಲಿಲ್ಲ. ಏಳನೆಯ ಪುಸ್ತಕದ ಹಸ್ತಪ್ರತಿ ಹಿಡಿದು ಅಡುಗೆಮನೆಗೆ ಬಂದು ಮೊದಲ ಅಧ್ಯಾಯದಿಂದ ಓದತೊಡಗಿದ.

ಎಂಥ ಓದು ಅದು! ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಹೇಳುವವರೂ ಅದಕ್ಕಿಂತ ಜೀವ ತುಂಬಿ ಹೇಳುತ್ತಾರೆ. ಮುದುಕಿಗೂ ಆಮೆಗೂ ರಾಕ್ಷಸನಿಗೂ ಒಂದೇ ಸಪ್ಪೆ ದನಿ. ಕತೆಯಮ್ಮ ಕಣ್ಣರಳಿಸಿ ನೋಡಿದಳು. ಮೂರನೆಯ ಪುಟಕ್ಕೆ ಆಕೆಯ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾಳೆಂದು ಬೀಗಣ್ಣ ಗಾಬರಿಯಾದ. ಆಕೆ ನಗುತ್ತಿದ್ದಳು. ನಾಲ್ಕು ತಿಂಗಳಲ್ಲಿ ಮೊದಲನೆಯ ಸಲ.

ಆಮೇಲೆ ಶುರುವಾಯಿತು ನೋಡಿ ಪಾಠ. ತಪ್ಪಿದಲ್ಲೆಲ್ಲ ಚಮಚದಿಂದ ತಟ್ಟೆಗೆ ಬಡಿಯುತ್ತಿದ್ದಳು. ಠಣ್! ಮತ್ತೆ ಓದು. ಠಣ್! ಇನ್ನೊಮ್ಮೆ. ಸ್ಟೂಲು ತೋರಿಸಿ ಹತ್ತಿಸಿದಳು, ಮೇಜಿನ ಕೆಳಗೆ ತೂರಿಸಿದಳು. "ನನ್ನ ಪ್ರಾಣ ತೆಗೀತೀಯಲ್ಲೇ" ಎಂದು ಬೀಗಣ್ಣ ಗೊಣಗಿದ. ಹತ್ತು ಮಾತಿನ ಲೆಕ್ಕ ಅವತ್ತೇ ತಪ್ಪಿತ್ತು. ಅಂಗಡಿಯಲ್ಲಿ ಕೀಲಿಗೆ ಅರ ಉಜ್ಜುತ್ತಲೂ ಅಭ್ಯಾಸ ಮಾಡುತ್ತಿದ್ದ. ಬೀಗದ ಕೈ ಮಾಡಿಸಲು ಬಂದ ಬ್ಯಾಂಕಿನ ಗುಮಾಸ್ತೆ, ರಾಕ್ಷಸ "ಯಾರದು ಬಂದಿದ್ದು?" ಎಂದು ಅಬ್ಬರಿಸಿದ್ದು ಕೇಳಿ ಎರಡು ಮೆಟ್ಟಿಲು ಹಿಂದಕ್ಕೆ ಇಳಿದಳು. "ಕ್ಷಮಿಸಿ ಅಮ್ಮಾ, ಮನೆ ಕೆಲಸ" ಎಂದ ಬೀಗಣ್ಣ, ಮುಖ ಕೆಂಪಗೆ ಮಾಡಿಕೊಂಡು.

ದಿನಕ್ಕೆ ಕಾಲು ಅಧ್ಯಾಯದಂತೆ ಸಾಗಿತು. ಠಣ್ ಎನ್ನುವುದು ಕಡಿಮೆಯಾಯಿತು. ಆದರೆ ಚೀಲ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಬರೆದದ್ದನ್ನು ಕೇಳಿ ಆಕೆ ಖುಷಿಪಡುತ್ತಿದ್ದಳೇ ಹೊರತು ಮುಂದಕ್ಕೆ ಒಂದಕ್ಷರ ಬರೆಯಲಿಲ್ಲ. ಒಂಬತ್ತನೆಯ ಅಧ್ಯಾಯ ಹತ್ತಿರವಾದಂತೆ ಬೀಗಣ್ಣನಿಗೆ ಪುಕಪುಕ. ಹಾಳೆ ಮುಗಿದ ಮೇಲೆ ಏನು ಓದುವುದು? ಓದಲಿಕ್ಕೇ ಏನೂ ಇಲ್ಲದ ಬೆಳಗ್ಗೆ ಈ ಮುಖವನ್ನು ಹೇಗೆ ನೋಡುವುದು?

ಆ ಬೆಳಗ್ಗೆ ಬಂದೇ ಬಂತು. ಗುಡುಗ ಬೆಟ್ಟದ ಬಾಗಿಲ ಮುಂದೆ ಕೂತಿದ್ದಾನೆ. ಗೋಡೆಯ ತುಂಬ ಹಲ್ಲಿಗಳು. ಒಳಗೆ ಕತ್ತಲಲ್ಲಿ ಸಾಸಿವೆ. ಬೀಗಣ್ಣ ಕತೆಯಲ್ಲಿ ಎಷ್ಟು ಮುಳುಗಿದ್ದನೆಂದರೆ ಪುಟ ಮಗುಚಿದ್ದೂ ತಿಳಿಯಲಿಲ್ಲ, ಮಗುಚಿದ ಪುಟ ಬಿಳಿಯಾಗಿದ್ದದ್ದೂ ತಿಳಿಯಲಿಲ್ಲ. ಬಾಯಿ ತನ್ನಷ್ಟಕ್ಕೆ ಮುಂದೆ ಹೋಯಿತು.

"ಒಳಗಿಂದ ಸಾಸಿವೆ ಕೇಳಿದಳು, 'ಗುಡುಗಾ, ನೀನು ಹೊರಗೆ ಇದ್ದೀಯಾ? ಏನೂ ಕೇಳಿಸ್ತಿಲ್ಲ.' ಗುಡುಗ ಬಾಗಿಲಿಗೆ ಬಾಯಿಟ್ಟು ಹೇಳಿದ, 'ಇದ್ದೀನಿ ಕಣೇ. ನನಗೇನೂ ಭಯ ಇಲ್ಲ.'"

ಠಣ್!

ಬೀಗಣ್ಣ ತಪ್ಪಿದ್ದೆಲ್ಲಿ ಎಂದು ಹಾಳೆ ನೋಡಿದ. ಹಾಳೆಯಲ್ಲಿ ಏನೂ ಇರಲಿಲ್ಲ. ಹಿಂದಿನ ಪುಟ ನೋಡಿದ. ಸಾಲು ಅಲ್ಲಿಗೇ ನಿಂತಿತ್ತು. ಅಯ್ಯೋ, ಆಕೆಯ ಕತೆಗೆ ಕೈ ಹಾಕಿಬಿಟ್ಟೆನಲ್ಲ ಎಂದು ಆತ ಹಸ್ತಪ್ರತಿ ಮುಚ್ಚಿದ.

"ತಪ್ಪಾಯ್ತು. ಇಲ್ಲಿ ಬರೆದಿಲ್ಲ. ನಾನೇ ಏನೋ..."

ಕತೆಯಮ್ಮ ಕೇಳಿಸಿಕೊಳ್ಳುತ್ತಿರಲಿಲ್ಲ. ಹಸ್ತಪ್ರತಿಯನ್ನು ಆತನ ಕೈಯಿಂದ ಕಿತ್ತುಕೊಂಡಳು. ಪೆನ್ಸಿಲಿಗೆ ತಡಕಾಡಿದಳು, ಸಿಗಲಿಲ್ಲ. ಆತನ ಜೇಬಿನಿಂದ ತಗಡಿಗೆ ಗುರುತು ಹಾಕುವ ದಪ್ಪ ಪೆನ್ಸಿಲನ್ನೇ ಎಳೆದುಕೊಂಡು, ನಿಂತಲ್ಲೇ, ಗೋಡೆಗೆ ಹಾಳೆ ಒತ್ತಿ ಬರೆದಳು. ಬರೆದು ಆತನ ಮೂಗಿನ ಮುಂದೆ ಹಿಡಿದಳು.

ಬೀಗಣ್ಣ ಗಟ್ಟಿಯಾಗಿ ಓದಿದ.

"ಗುಡುಗ ಯಾವತ್ತೂ ಸುಳ್ಳು ಹೇಳಿದವನಲ್ಲ. ಅವನು ಬಾಗಿಲಿಗೆ ಬಾಯಿಟ್ಟು ಹೇಳಿದ, 'ತುಂಬಾ ಭಯ ಆಗ್ತಿದೆ ಕಣೇ. ಆದ್ರೂ ಎಲ್ಲಿಗೂ ಹೋಗಲ್ಲ, ಇಲ್ಲೇ ಇದ್ದೀನಿ.'"

ಕೊನೆಯ ಮಾತಿಗೆ ಬರುವಷ್ಟರಲ್ಲಿ ಆತನ ದನಿ ಒಡೆಯಿತು. ಆಸ್ಪತ್ರೆಯ ಬೆಂಚಿನಿಂದ ಹಿಡಿದು ಈವರೆಗೆ ಹೆಂಡತಿಗೆ ಹೇಳಲಾಗದೆ ನುಂಗಿಕೊಂಡಿದ್ದ ಮಾತು ಇದೇ ಆಗಿತ್ತು. ಇನ್ನೊಮ್ಮೆ ಓದಲು ಹೋದ, ಅಳು ನುಗ್ಗಿ ಬಂತು, ಹಾಗೇ ಅಳುತ್ತಲೇ ಓದಿದ.

ಕತೆಯಮ್ಮ ಚಮಚ ಮುಟ್ಟಲಿಲ್ಲ. ಒಂದು ಕೈಯಲ್ಲಿ ಆತನ ತೋಳು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆಗಲೇ ಮುಂದಿನ ಸಾಲು ಬರೆಯುತ್ತಿದ್ದಳು.