ಬೈಸಿಕೊಳ್ಳದ ಅಳಿಯ

ನನ್ನ ಷಡ್ಡಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಅವನಿಗೆ ನನಗಿಂತ ಹೆಚ್ಚು ಹೊಲವಿಲ್ಲ, ನನಗಿಂತ ಚೆಂದವೂ ಇಲ್ಲ, ತಲೆಗೂದಲಂತೂ ನನ್ನ ಅರ್ಧದಷ್ಟೂ ಉಳಿದಿಲ್ಲ. ಮನುಷ್ಯ ಒಳ್ಳೆಯವನು, ಅದೇ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ನಾಲ್ಕು ಮಂದಿಯ ಮುಂದೆ ಆಡಿಕೊಂಡು ಹಗುರಾಗುತ್ತಿದ್ದೆ. ನನ್ನ ಹೊಟ್ಟೆ ಉರಿಯುವುದಕ್ಕೆ ಕಾರಣ ಒಂದೇ. ನರಗುಂದದ ನಮ್ಮ ಮಾವ ಅವನಿಗೆ ಬೈಯುತ್ತಾರೆ. ನನಗೆ ಬೈಯುವುದಿಲ್ಲ.

ಇದನ್ನು ಒಮ್ಮೆ ಹೆಂಡತಿಯ ಮುಂದೆ ಹೇಳಿದ್ದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಬೈಸ್ಕೊಳ್ಳಾಕ ಯಾರರ ಹಂಬಲಸ್ತಾರೇನ್ರಿ? ನಮ್ಮಪ್ಪ ನಿಮಗ ಎಷ್ಟ ಮರ್ಯಾದಿ ಕೊಡ್ತಾನ, ಅದರ ಕಾಣ್ತೈತಿಲ್ಲೋ?"

ಕಾಣುತ್ತದೆ. ಅದೇ ಕಾಣುತ್ತಿರುವುದು. ನಾನು ಅಬ್ಬಿಗೇರಿಯವನು, ಹೊರಗಿನ ಸಂಬಂಧ, ಮೇಲಾಗಿ ಹಿರಿಯ ಅಳಿಯ. ಮದುವೆಯಾಗಿ ನನ್ನ ಮಗಳೇ ಕಾಲೇಜಿಗೆ ಹೋಗುವಷ್ಟು ವರ್ಷವಾದರೂ ಆ ಮನೆಯಲ್ಲಿ ನಾನಿನ್ನೂ ಬೀಗರ ಪೈಕಿಯೇ. ನಾನು ಹೊಸ್ತಿಲು ದಾಟಿದ ಕೂಡಲೇ ಮಂಚದ ಮೇಲೆ ಹೊಸ ಚಾದರ ಬೀಳುತ್ತದೆ. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ. ಮಾವ ಎದ್ದು ನಿಂತು, "ಬರ್ರಿ ಬರ್ರಿ, ಮಳಿ ಹ್ಯಾಂಗ ನಿಮ್ಮ ಕಡೆ?" ಎನ್ನುತ್ತಾರೆ. ಮಳೆಯ ಮಾತು ಮುಗಿದರೆ ಕಡಲೆಯ ಮಾತು. ಕಡಲೆ ಮುಗಿದರೆ ಇಬ್ಬರೂ ಗೋಡೆ ನೋಡುತ್ತೇವೆ. ಅಷ್ಟರಲ್ಲಿ ಚಹಾ ಬಂದು ಇಬ್ಬರನ್ನೂ ಕಾಪಾಡುತ್ತದೆ.

ಷಡ್ಡಕನ ಕಥೆ ಬೇರೆ. ಅವನು ಮಾವನ ಅಕ್ಕನ ಮಗ. ಊರು ಹೊಳೆಮಣ್ಣೂರು. ಅವನು ಸಣ್ಣವನಿದ್ದಾಗ ಮಲಪ್ರಭೆ ಮನೆಯೊಳಗೆ ಬಂದು ಗೋಡೆ ಕುಸಿದಿತ್ತಂತೆ. ಸಾಲಿ ತಪ್ಪಬಾರದೆಂದು ಅವನವ್ವ ಅವನನ್ನು ನರಗುಂದದ ತಮ್ಮನ ಮನೆಯಲ್ಲಿ ಬಿಟ್ಟಳು. ಹೊಳೆ ಇಳಿಯಿತು, ಗೋಡೆ ಎದ್ದಿತು, ಅವನು ಮಾತ್ರ ಇಲ್ಲೇ ಉಳಿದ. ದೊಡ್ಡವನಾದ ಮೇಲೆ ಕಿರಿಯ ಮಗಳನ್ನು ಕೊಟ್ಟರು. ಈಗ ಹಿಂದಿನ ಓಣಿಯಲ್ಲಿ ಅವನ ಮನೆ. ಮಾವ ಕೂತಲ್ಲಿಂದಲೇ ಕೂಗು ಹಾಕುತ್ತಾರೆ: "ಎಲ್ಲಿ ಹಾಳಾಗಿ ಹೋಗಿದ್ದಿಲೇ?" ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿ ಬರುತ್ತಾನೆ, ಬೈಸಿಕೊಳ್ಳುತ್ತಾನೆ, ಅಡುಗೆಮನೆಗೆ ನುಗ್ಗಿ ಡಬ್ಬಿಯಲ್ಲಿದ್ದ ಶೇಂಗಾ ಉಂಡಿ ಬಾಯಿಗೆ ಹಾಕಿಕೊಳ್ಳುತ್ತಾನೆ. ನನಗೆ ಅದೇ ಉಂಡಿ ಸ್ಟೀಲ್ ತಾಟಿನಲ್ಲಿ, ಪಕ್ಕದಲ್ಲಿ ನೀರಿನ ಲೋಟದೊಂದಿಗೆ ಬರುತ್ತದೆ. ನನ್ನ ಅಪ್ಪ ನನಗೆ ತಿಳಿವಳಿಕೆ ಬರುವ ಮೊದಲೇ ಹೋದ. ನನಗೆ ಹಿಂಗೆ ಗಂಟಲು ಹರಿದುಕೊಂಡು ಬೈದ ಗಂಡಸು ಯಾರೂ ಇಲ್ಲ. ಮದುವೆಯಾದಾಗ, ಇನ್ನು ಒಬ್ಬ ಸಿಕ್ಕ ಎಂದುಕೊಂಡಿದ್ದೆ. ಸಿಕ್ಕಿದ್ದು ಚಾದರ.

ಅವರಿಬ್ಬರ ನಡುವೆ ಎಲ್ಲಕ್ಕಿಂತ ಹೆಚ್ಚು ಬೈಗುಳ ಹುಟ್ಟುವುದು ಕಾರಿನ ಕಾರಣಕ್ಕೆ. ಮಾವನದು ಹಳೆಯ ಪೆಟ್ರೋಲ್ ಕಾರು. ಮಾವನಿಗೆ ಓಡಿಸಲು ಬರುವುದಿಲ್ಲ, ಓಡಿಸುವವನಿಗೆ ಹೇಳಿಕೊಡಲು ಬರುತ್ತದೆ. ಬಾನೆಟ್ ಎತ್ತಿದರೆ ಇಬ್ಬರ ತಲೆಯೂ ಒಳಗೆ. "ಅದಲ್ಲೋ, ಈ ಕಡೀದು." "ಗೊತ್ತೈತಿ ಮಾವಾ, ಕೈ ತಗಿ." "ನನಗ ಕೈ ತಗಿ ಅಂತೀಯಾ ಮಂಗ್ಯಾ?" ನಾನು ಕಟ್ಟೆಯ ಮೇಲೆ ಕುರ್ಚಿಯಲ್ಲಿ ಕೂತು ಚುಡವಾ ತಿನ್ನುತ್ತ ಇದನ್ನೆಲ್ಲ ಕೇಳಬೇಕು. ಎದ್ದು ಹತ್ತಿರ ಹೋದರೆ ಮಾವನ ಮಾತು ಬದಲಾಗುತ್ತದೆ. "ಅಯ್ಯ, ನೀವ್ಯಾಕ ಬರಾಕ ಹೋದ್ರಿ? ಅಂಗಿಗೆ ಎಣ್ಣಿ ಹತ್ತೀತು." ಅಬ್ಬಿಗೇರಿಯಲ್ಲಿ ನನ್ನ ಟ್ರ್ಯಾಕ್ಟರಿನ ಆಯಿಲ್ ನಾನೇ ಬದಲಿಸುತ್ತೇನೆ. ಬೈಕಿನ ಪ್ಲಗ್ಗನ್ನು ಹೊಲದ ಬದುವಿನ ಮೇಲೆ ಕೂತು ಬಿಚ್ಚಿ, ಉಜ್ಜಿ, ಹಾಕಿದವನು. ನನ್ನ ಉಗುರಿನ ಸಂದಿಯ ಎಣ್ಣೆ ಸೋಪಿಗೂ ಹೋಗುವುದಿಲ್ಲ. ಆದರೆ ನರಗುಂದಕ್ಕೆ ಬಂದರೆ ನಾನು ಬಿಳಿ ಅಂಗಿಯವನು.

ಕಳೆದ ಸಲ ಹೋದಾಗ ಗಜೇಂದ್ರಗಡದಲ್ಲಿ ಅತ್ತೆಯ ತಂಗಿಯ ಮಗಳ ಕುಬಸವಿತ್ತು. ಬಸುರಿಗೆ ಸೀರೆ, ಬಳೆ ಏರಿಸಿ ಆರತಿ ಮಾಡುವ ಕಾರ್ಯ. ಹೊತ್ತು ಮೀರುವ ಹಾಗಿಲ್ಲ. ಎಲ್ಲರೂ ಮಾವನ ಕಾರಿನಲ್ಲೇ ಹೋಗುವುದೆಂದು ಮಾತಾಗಿತ್ತು. ಷಡ್ಡಕನ ಹೆಂಡತಿ ಹಿಂದಿನ ದಿನವೇ ಬಸ್ಸಿಗೆ ಹೋಗಿದ್ದಳು. ಕಾರು ಮಾತ್ರ ಕೆಲವು ದಿನಗಳಿಂದ ಎಳೆಯುತ್ತಿರಲಿಲ್ಲ. ಪ್ಲಗ್ ಸವೆದಿವೆ, ಹೊಸವು ಹಾಕಬೇಕು ಎಂದು ಷಡ್ಡಕ ನಾಲ್ಕು ಪ್ಲಗ್ ತಂದಿಟ್ಟಿದ್ದ. ಮುಂಜಾನೆ ಹಾಕುತ್ತೇನೆ ಎಂದವನು ಮುಂಜಾನೆ ಹೂವು, ಬಾಳೆಹಣ್ಣು ತರಲು ಪೇಟೆಗೆ ಹೋದ. ಮಾವ ಸ್ನಾನ ಮಾಡಿ ಲಿಂಗಪೂಜೆಗೆ ಕೂತರು. ಅವರು ಪೂಜೆಗೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಮಾತಾಡುವುದಿಲ್ಲ.

ಅಂಗಳದಲ್ಲಿ ಕಾರು ಒಂದೇ ನಿಂತಿತ್ತು. ನನ್ನ ಕೈ ತುರಿಸಿತು. ಮಾವ ಎದ್ದು ಹೊರಗೆ ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು, ಯಾರು ಮಾಡಿದ್ದು ಎಂದು ಅವರು ಕೇಳಬೇಕು, ಅವರ ಬಾಯಿಂದ ನನಗೆ ಒಂದು ಮಾತಾದರೂ ಬರಬೇಕು. ಹೊಗಳಿಕೆಯೇ ಆಗಬೇಕೆಂದಿಲ್ಲ. "ಇಷ್ಟ ಬಿಗೀ ಮಾಡ್ತಾರೇನು?" ಎಂದರೂ ಸಾಕಿತ್ತು. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬನಿಯನ್ನಿನ ಮೇಲೆ ಬಾನೆಟ್ ಎತ್ತಿದೆ.

ಅತ್ತೆ ಹೊರಗೆ ಬಂದವರು ಗಾಬರಿಯಾದರು. "ಅಯ್ಯ ಶಿವನ, ನೀವ್ಯಾಕ್ರಿ? ಅವ ಬರ್ತಾನಲ್ಲ."

"ಅವ ಬರೂದರಾಗ ಆರತಿ ಹೊತ್ತ ಹೋಗತೈತ್ರಿ. ಪ್ಲಗ್ ಎಲ್ಲಿ ಅದಾವು?"

ಆರತಿಯ ಹೆಸರು ಕೇಳಿ ಅತ್ತೆ ಒಪ್ಪಿದರು. ಒಳಗೆ ಹೋಗಿ ತಾಟಿನಲ್ಲಿ ಪ್ಲಗ್ ತಂದರು. ಆ ಮನೆಯ ಪದ್ಧತಿ ಹೇಳಬೇಕು. ಹೊಸದಾಗಿ ಯಾವುದೇ ಸಾಮಾನು ಬರಲಿ, ಕುಡುಗೋಲಿರಲಿ, ಗ್ಯಾಸಿನ ಪೈಪಿರಲಿ, ಒಂದು ರಾತ್ರಿ ದೇವರ ಜಗಲಿಯ ಮುಂದೆ ಇದ್ದು, ವಿಭೂತಿ ಕುಂಕುಮ ಹಚ್ಚಿಸಿಕೊಂಡೇ ಕೆಲಸಕ್ಕೆ ಹತ್ತಬೇಕು. ಆ ನಾಲ್ಕೂ ಪ್ಲಗ್ಗುಗಳ ಬಿಳಿ ಪಿಂಗಾಣಿಯ ಮೇಲೆ ಅತ್ತೆ ಆಗತಾನೇ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಂದ ಎಳೆದು, ನಡುವೆ ಕುಂಕುಮದ ಬೊಟ್ಟು ಇಟ್ಟಿದ್ದರು. ಮುತ್ತೈದೆಯರ ಹಾಗೆ ಕೂತಿದ್ದವು.

ನಾನು ಕ್ರಮವಾಗಿಯೇ ಮಾಡಿದೆ. ವೈರಿನ ಕ್ಯಾಪುಗಳು ಅದಲುಬದಲಾಗಬಾರದೆಂದು ಒಂದೊಂದಾಗಿ ಕಿತ್ತೆ. ಸುತ್ತಲಿನ ಧೂಳು ಒಳಗೆ ಬೀಳದಂತೆ ಊದಿ, ಪಾನಾ ಹಾಕಿ ಬಿಚ್ಚಿದೆ. ಹಳೆಯ ಪ್ಲಗ್ಗುಗಳ ತುದಿ ಸವೆದು ಗುಂಡಗಾಗಿತ್ತು, ಕಿಡಿ ಹಾರುವ ಸಂದು ಬಾಯಿ ಬಿಟ್ಟಿತ್ತು. ಹೊಸ ಪ್ಲಗ್ಗನ್ನು ಮೊದಲು ಬರೀ ಬೆರಳಿಂದ ತಿರುಗಿಸಿ, ಹಲ್ಲು ಸರಿಯಾಗಿ ಕೂತ ಮೇಲಷ್ಟೇ ಪಾನಾದಿಂದ ಬಿಗಿ ಮಾಡಿದೆ. ಕುಂಕುಮ ಒರೆಸಬೇಕು ಎಂದು ಅನ್ನಿಸಲಿಲ್ಲವೆಂದಲ್ಲ. ತುದಿಗೆ ಹತ್ತಿದ್ದನ್ನು ಒರೆಸಿದೆ. ಆದರೆ ಮೇಲಿನ ಪಿಂಗಾಣಿಯ ಮೇಲಿದ್ದದ್ದು? ಅತ್ತೆ ಸೆರಗಿನ ಅಂಚು ಹಿಡಿದು, ನಾನು ಒಂದೊಂದು ಪ್ಲಗ್ ಎತ್ತಿದಾಗಲೂ ಏನೋ ಬಾಯಲ್ಲೇ ಅಂದುಕೊಳ್ಳುತ್ತ ಎದುರಿಗೇ ನಿಂತಿದ್ದರು. ಅವರು ಹಚ್ಚಿದ ವಿಭೂತಿಯನ್ನು ಅವರ ಕಣ್ಣೆದುರೇ ಎಣ್ಣೆ ಬಟ್ಟೆಯಿಂದ ಉಜ್ಜಿ ತೆಗೆಯುವ ಅಳಿಯ ನಾನಲ್ಲ. ಕಿಡಿ ಬರುವುದು ತುದಿಯಿಂದ, ಮೇಲೆ ಎಷ್ಟು ಕುಂಕುಮವಿದ್ದರೇನು ಎಂದುಕೊಂಡು ಕ್ಯಾಪು ಒತ್ತಿದೆ.

ಬಾನೆಟ್ ಮುಚ್ಚುವುದಕ್ಕೂ ಷಡ್ಡಕ ಹೂವಿನ ಚೀಲ ಹಿಡಿದು ಬರುವುದಕ್ಕೂ ಸರಿಹೋಯಿತು.

"ಅಣ್ಣಾರ, ನೀವ ಹಾಕಿಬಿಟ್ಟಿರೇನು? ಚಲೋ ಆತ್ ಬಿಡ್ರಿ."

ಅವನು ಚಾವಿ ತಿರುಗಿಸಿದ. ಎಂಜಿನ್ ಎದ್ದಿತು. ನಿಂತಲ್ಲೇ ನಿಂತು ಮೆತ್ತಗೆ ಆಡುತ್ತಿತ್ತು. ನಾನು ಕೈ ತೊಳೆಯದೆ, ಎಣ್ಣೆ ಕಾಣುವ ಹಾಗೆಯೇ ನಿಂತೆ. ಮಾವ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರು. ನನ್ನ ಕಡೆ ನೋಡಿದರು, ಕೈ ನೋಡಲಿಲ್ಲ.

"ಪ್ಲಗ್ ಹಾಕಿದೇನಲೇ?" ಅವನಿಗೆ ಕೇಳಿದರು.

"ಆಗೈತಿ ಮಾವಾ, ಲಗೂ ಹತ್ತ."

ಅವನು ಸುಳ್ಳು ಹೇಳಲಿಲ್ಲ. ನಾನು ಹಾಕಿದೆ ಎಂದೂ ಹೇಳಲಿಲ್ಲ, ನನ್ನ ಹೆಸರು ಮುಚ್ಚಿಡಬೇಕೆಂದೂ ಅವನಿಗಿರಲಿಲ್ಲ. ಯಾರು ಹಾಕಿದ್ದೆಂಬುದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ದಿನಾ ಉಣ್ಣುವವನಿಗೆ ತುತ್ತಿನ ಲೆಕ್ಕ ಯಾಕೆ? ನನಗೆ ಮಾತ್ರ ಮೈಯೆಲ್ಲ ಉರಿಯಿತು. ನಾನು ಹಾಕಿದ್ದು ಎಂದು ನಾನೇ ಹೇಳುವುದೆಂದರೆ ಸಾಲಿ ಹುಡುಗರ ಹಾಗಾಗುತ್ತದೆ. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡೆ.

ಕಾರಿನಲ್ಲಿಯೂ ನನ್ನನ್ನು ಮುಂದೆ ಕೂಡಿಸಿದರು. ಮಾವ ಹಿಂದೆ, ಅತ್ತೆ ಮತ್ತು ನನ್ನ ಹೆಂಡತಿಯ ನಡುವೆ ಮೊಳಕಾಲು ಮಡಚಿ ಕೂತರು. "ಅಳಿಯಂದ್ರು ಆರಾಮಾಗಿ ಕೂಡ್ರಲಿ." ನರಗುಂದದ ಗುಡ್ಡ ಹಿಂದಾಗುವವರೆಗೆ ಕಾರು ಚೆನ್ನಾಗಿಯೇ ಹೋಯಿತು. ಎರಡೂ ಕಡೆ ಎರೆ ಹೊಲ, ನೆಟ್ಟಗಿನ ರಸ್ತೆ. ಷಡ್ಡಕ ಕಾಲು ಒತ್ತಿ ವೇಗ ಹೆಚ್ಚಿಸಿದ ಕೂಡಲೇ ಕಾರು ಒಮ್ಮೆ ಜಗ್ಗಿತು. ಮತ್ತೆ ಜಗ್ಗಿತು. ಅತ್ತೆಯ ಮಡಿಲಲ್ಲಿದ್ದ ಬಾಳೆಹಣ್ಣು ಕೆಳಗೆ ಬಿದ್ದವು.

"ಮಿಸ್ ಹೊಡ್ಯಾಕತ್ತೈತಿ," ಎಂದ ಷಡ್ಡಕ. ರೋಣ ಇನ್ನೂ ದೂರವಿತ್ತು. ಬೇವಿನ ಗಿಡವೊಂದರ ಪಕ್ಕ ನಿಲ್ಲಿಸಿ ಇಳಿದ. ನಾನೂ ಇಳಿದೆ. ಅವನು ಒಂದು ಕ್ಯಾಪು ಕಿತ್ತು ಒಳಗೆ ಇಣುಕಿದ. ಒದ್ದೆ ವಿಭೂತಿ ಕುಂಕುಮದ ಮೇಲೆ ಕರಕಲು ಗೆರೆ ಎದ್ದಿತ್ತು. ಕರೆಂಟು ತುದಿಗೆ ಹೋಗದೆ ಅಲ್ಲಿಂದಲೇ ಹೊರಗೆ ಹಾರಿ ಹೋಗುತ್ತಿತ್ತು.

"ಒರಸಿರಲಿಲ್ಲೇನ್ರಿ ಅಣ್ಣಾರ?" ಎಂದು ಸಣ್ಣ ದನಿಯಲ್ಲಿ ಕೇಳಿದ. "ನಾ ಮಾವನ ಅಂಗಿ ಮರೀಗೆ ನಿಂತು ಒರಸ್ತೀನಿ. ಅತ್ತಿ ನೋಡಿದ್ರ ಸಿಟ್ಟಾಗ್ತಾಳ."

ಹೀಗೊಂದು ಗುಟ್ಟು ಅವರಿಬ್ಬರ ನಡುವೆ ಇಷ್ಟು ವರ್ಷ ಇತ್ತು ನೋಡಿ. ಅತ್ತೆಯ ಕಣ್ಣು ತಪ್ಪಿಸುವುದಕ್ಕೆ ಒಬ್ಬ ಅಡ್ಡ ನಿಲ್ಲುವುದು, ಇನ್ನೊಬ್ಬ ಒರೆಸುವುದು. ಕಟ್ಟೆಯ ಮೇಲೆ ಚುಡವಾ ತಿನ್ನುವವನಿಗೆ ಇದು ಹೇಗೆ ಗೊತ್ತಾಗಬೇಕು? ನನಗೆ ಅವಮಾನಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಅಷ್ಟರಲ್ಲಿ ಮಾವ ಇಳಿದು ಬಂದರು. ಪ್ಲಗ್ ನೋಡಿದರು. ಅವರ ಮುಖ ಕೆಂಪಾಯಿತು. ಖರೇ ಹೇಳುತ್ತೇನೆ, ನನ್ನ ಎದೆ ಹೊಡೆದುಕೊಂಡಿದ್ದು ಹೆದರಿಕೆಗಲ್ಲ. ಈಗ ಬರುತ್ತದೆ, ಇವತ್ತು ಬಂದೇ ಬರುತ್ತದೆ ಎಂದು.

"ಬುದ್ಧಿ ಐತೇನಲೇ ನಿನಗ?" ಮಾವ ಷಡ್ಡಕನ ತಲೆಗೆ ಒಂದು ಬಿಟ್ಟರು. "ಎಷ್ಟ್ ವರ್ಷ ಆತು ಹಾಕಾಕತ್ತು? ಒರಸಲಾರದ ಹಾಕೀಯಲ್ಲೋ!"

"ಮಾವಾರ, ಅವನಲ್ಲರಿ," ನಾನು ಮುಂದೆ ಬಂದೆ. "ನಾ ಹಾಕಿದ್ದು. ನಾಕೂ ನಾನ ಹಾಕೀನಿ."

ಮಾವ ನನ್ನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ಇದ್ದ ಸಿಟ್ಟು ಅರೆಕ್ಷಣ ನನ್ನ ಮೇಲೆಯೇ ನಿಂತಿತ್ತು, ನಾನು ಕಂಡೆ. ಆಮೇಲೆ ಅದು ಆರಿತು. ಗಂಟಲು ಸರಿಮಾಡಿಕೊಂಡರು.

"ನೀವು ಹಾಕಿದ್ರೇನ್ರಿ? ಇರ್ಲಿ ಬಿಡ್ರಿ, ನಿಮಗೇನ್ ಗೊತ್ತಿರ್ತೈತಿ." ಮತ್ತೆ ಅವನ ಕಡೆ ತಿರುಗಿದರು. ದನಿ ಮೊದಲಿಗಿಂತ ಜೋರಾಯಿತು. "ಅಳಿಯಂದ್ರ ಕಡೆ ಕೆಲಸ ಮಾಡಸ್ತೀಯಾ? ನೀ ಎಲ್ಲಿ ಸತ್ತಿದ್ದಿ? ಮಂದಿ ಕೇಳಿದ್ರ ಏನಂದಾರು?"

"ಹೂವ ತರಾಕ ನೀನ ಕಳಿಸಿದ್ದಿ ಮಾವಾ."

"ಮತ್ತ ಎದುರ ಮಾತಾಡ್ತಿ?"

ಇನ್ನೊಂದು ಏಟು ಬಿತ್ತು. ಅವನು ತಲೆ ತಗ್ಗಿಸಿ ನಕ್ಕ. ನನ್ನ ತಪ್ಪು, ನನ್ನ ಕೈಕೆಲಸ, ನಾನೇ ಒಪ್ಪಿಕೊಂಡದ್ದು. ಆದರೂ ಬೈಗುಳ ಅವನ ಪಾಲಿಗೇ ಹೋಯಿತು. ಕಾರಿನ ಕಿಟಕಿಯಿಂದ ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಈ ಸಲ ಆಕೆ ಮರ್ಯಾದೆಯ ಮಾತು ಎತ್ತಲಿಲ್ಲ.

ಮಾವ ಹೆಗಲ ಮೇಲಿನ ಟವೆಲ್ ಝಾಡಿಸಿ, ಗಿಡದ ಬುಡದ ಕಲ್ಲಿನ ಮೇಲೆ ಹಾಸಿದರು. "ಇಲ್ಲಿ ನೆಳ್ಳಿಗೆ ಕೂಡ್ರಿ ನೀವು. ಈಗ ಆಗತೈತಿ."

ನಾನು ಕೂತೆ. ಅವರಿಬ್ಬರ ತಲೆಗಳು ಬಾನೆಟ್ಟಿನೊಳಗೆ ಸೇರಿದವು. ಷಡ್ಡಕ ಒರೆಸಲು ಬಟ್ಟೆಗೆಂದು ಅತ್ತಿತ್ತ ನೋಡಿದ, ಸಿಗಲಿಲ್ಲ, ಹಿಂದಕ್ಕೆ ಕೈ ಚಾಚಿದ. ಮಾವ ಕುಬಸಕ್ಕೆಂದು ಉಟ್ಟಿದ್ದ ಹೊಸ ಧೋತರದ ಚುಂಗನ್ನೇ ಅವನ ಕೈಗೆ ಕೊಟ್ಟರು.