ಪದ್ಮಾ ಟೀಚರ್ ಮತ್ತು ಎರಡು ತಂಬೂರಿ

ಕಲಿಸುವಾಗ ಪದ್ಮಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದಳು. ನಮ್ಮ ಕೀಬೋರ್ಡನ್ನು ಒಮ್ಮೆಯೂ ಮುಟ್ಟಿದವಳಲ್ಲ. "ನಾ ಒತ್ತಿದ್ರ ನನಗ ಬರತೈತಿ, ನಿಮಗ ಬರೂದಿಲ್ಲರಿ ಆಜಿ," ಎನ್ನುತ್ತಿದ್ದಳು. ನನ್ನ ಮೊಮ್ಮಗಳ ವಯಸ್ಸಿನವಳು, ತಂಬೂರಿಗೆ ಹೆಸರಾದ ಮಿರಜಿನ ಜೈನರ ಮನೆಯ ಹುಡುಗಿ. ಕನ್ನಡ ಕೈಕೊಟ್ಟಲ್ಲಿ ಮರಾಠಿ ತುಂಬಿ ನಡೆದುಬಿಡುವಳು.

ಸಾಂಗ್ಲಿ ಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಮಧ್ಯಾಹ್ನ ನಾಲ್ವರು ಹೆಂಗಸರಿಗೆ ಅವಳು ಪ್ರೋಗ್ರಾಮಿಂಗ್ ಕಲಿಸುತ್ತಿದ್ದಳು. ಕಾನ್ವೆಂಟಿನಲ್ಲಿ ನಾನು ಮ್ಯಾಥ್ಸ್‌ಗೆ ಫಸ್ಟ್; ಕಾಲೇಜಿಗೆ ಮೊದಲೇ ಮದುವೆಯಾಯಿತು. ಆ ರಿಗ್ರೆಟ್ ಇಷ್ಟು ವರ್ಷ ನನ್ನ ಜೊತೆಗೇ ಬಂದಿತ್ತು.

"ಕ್ಲಾಸ್ ಅಂದ್ರ, ತಂಬೂರಿ ಹೆಂಗಿರಬೇಕಂತ ಮಾಡಾಂವನ ತಲ್ಯಾಗ ಇರೂದು. ಅದನ್ನ ಬಾರಸಾಕ ಬರೂದಿಲ್ಲ. ಕೈಯಾಗ ಬಂತಲ್ರಿ, ಅದು ಆಬ್ಜೆಕ್ಟ್." ಅವಳ ಈ ಮಾತು ನನಗೆ ಅವತ್ತೇ ನಾಟಿತು.

ಸೆಂಟರಿನ ಮಾಲಕರಿಗೆ ಮಾತ್ರ ನಮ್ಮ ಬ್ಯಾಚ್ ವೇಸ್ಟ್. ಆಜಿಗಳಿಗೆ ಟೈಪಿಂಗ್ ಸಾಕು ಎಂದು ಮರಾಠಿಯಲ್ಲಿ, ನಮಗೆ ಕೇಳುವಂತೆಯೇ ಹೇಳಿದರು. ಶನಿವಾರ ನಮ್ಮಲ್ಲೊಬ್ಬರು ಅವರೆದುರು ತಾವಾಗಿ ಒಂದು ಕ್ಲಾಸ್ ಬರೆದು ತೋರಿಸದಿದ್ದರೆ ಬ್ಯಾಚ್ ಬಂದ್. ನನ್ನನ್ನು ಕೇಳದೆಯೇ ಪದ್ಮಾ ನನ್ನ ಹೆಸರು ಕೊಟ್ಟಳು.

ಶನಿವಾರ ತಂಬೂರಿಯ ಕ್ಲಾಸ್ ಬರೆದೆ. ಅದರಿಂದ ಎರಡು ತಂಬೂರಿ ಮಾಡಿದೆ: ಒಂದಕ್ಕೆ ಗಂಡು ದನಿಯ ಶ್ರುತಿ, ಇನ್ನೊಂದಕ್ಕೆ ಹೆಣ್ಣು ದನಿಯದು. ರನ್ ಮಾಡಿದರೆ ಸ್ಕ್ರೀನಿನ ಮೇಲೆ ಎರಡೂ ಹೆಣ್ಣು. ಮಾಲಕರು ಗಡಿಯಾರ ನೋಡಿ, ನೀವೇ ಸರಿಮಾಡಿ ಮುಗಿಸಿ ಎಂದು ಪದ್ಮಾಳಿಗೆ ಹೇಳಿದರು. ತಪ್ಪು ಅವಳಿಗೆ ಕಂಡಿತ್ತು. ಬೆನ್ನ ಹಿಂದೆ ಬೆರಳು ಹೊಸೆಯುತ್ತಿದ್ದಳು.

"ತಂಬೂರಿ ಆಜೀದು, ಸರ್," ಎಂದಳು. ಆಮೇಲೆ ನನಗೆ, "ಎರಡೂ ಒಂದ ಗಂಟಲಲೆ ಯಾಕ ಹಾಡಾಕತ್ತಾವು, ಸಾವಕಾಶ ನೋಡ್ರಿ."

ಮೇಲಿನಿಂದ ಒಂದೊಂದೇ ಸಾಲು ಓದುತ್ತ ಬಂದೆ. ಸಿಕ್ಕಿತು. ಶ್ರುತಿಯನ್ನು ಇಡೀ ಕ್ಲಾಸಿನ ಹೆಸರಿಗೇ ಬರೆದುಬಿಟ್ಟಿದ್ದೆ. ಎರಡನೆಯದಕ್ಕೆ ಶ್ರುತಿ ಕೊಟ್ಟಾಗ ಮೊದಲನೆಯದೂ ಬದಲಾಗಿತ್ತು. ಅಲ್ಲಿ 'ಸೆಲ್ಫ್' ಬರಬೇಕಿತ್ತು, ಅಂದರೆ ಈ ತಂಬೂರಿಯದು ಇದಕ್ಕೇ. ಸೆಲ್ಫ್ ಅನ್ನು ಮರೆಯಿರಿ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ನಾನೂ ಗುಡ್ ಸ್ಟೂಡೆಂಟ್. ತಿದ್ದಿದೆ. ಒಂದು ಗಂಡು, ಒಂದು ಹೆಣ್ಣು.

ಹೆಂಗಸರು ಚಪ್ಪಾಳೆ ತಟ್ಟಿದರು. "ಚಾಲೂ ರಾಹೂ ದ್ಯಾ," ನಡೆಯಲಿ ಬಿಡಿ ಎಂದು ಮಾಲಕರು ಹೊರಗೆ ನಡೆದರು. ಪದ್ಮಾ ನನ್ನ ಎರಡೂ ಕೆನ್ನೆ ಹಿಡಿದು, "ಬ್ಯಾಚ್ ಉಳಿಸಿದ್ರಿ ಆಜಿ," ಎಂದಳು. ಐ ವಾಸ್ ಸಿಕ್ಸ್‌ಟೀನ್ ಅಗೇನ್.

ಮರುವರ್ಷ ಕೊಲ್ಹಾಪುರದ ಕಾಲೇಜೊಂದು ಅವಳನ್ನು ಕಲಿಸಲು ಕರೆಯಿತು. ಹೋಗುವ ದಿನ ಮಾಲಕರಿಗೆ ಅವಳು ಹೇಳಿದ್ದು ಇಷ್ಟೇ: ಮಧ್ಯಾಹ್ನದ ಬ್ಯಾಚ್ ಇನ್ನು ಆಜಿ ನೋಡಿಕೊಳ್ಳುತ್ತಾರೆ.

ಈಗ ಬ್ಯಾಚ್ ದೊಡ್ಡದಾಗಿದೆ. ಮೊನ್ನೆ ಬೇಡಗ ಹಳ್ಳಿಯಿಂದ ಬರುವ, ರೈತರ ಮನೆಯ ಒಬ್ಬ ಸೊಸೆ ಎಮ್ಮೆಯ ಕ್ಲಾಸ್ ಬರೆದು, ಎರಡು ಎಮ್ಮೆಗಳಿಂದ ಬೇರೆಬೇರೆ ಅಳತೆಯ ಹಾಲು ಕರೆದಳು. ಮೊದಲ ಸಲಕ್ಕೇ ಬಂತು. ಟೀಚರನ್ನು ಕರೆದು ತೋರಿಸಬೇಕೆಂದು ನಾನು ಪದ್ಮಾ ನಿಲ್ಲುತ್ತಿದ್ದ ಬಾಗಿಲ ಕಡೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.